ನಿಜವಾದ ವಿಳಾಸ

ಅವರ ಎದುರಿನ ಕುರ್ಚಿಯಲ್ಲಿ ಕೂತವರು ಬೆನ್ನು ಒರಗಿಸಿದ್ದನ್ನು ನಾನು ಕಂಡದ್ದಿಲ್ಲ. ಮುಸಫ್ಫಾ ಕೈಗಾರಿಕಾ ಪ್ರದೇಶದ ಗ್ಯಾರೇಜಿನಿಂದ ಕೈ ತೊಳೆದುಕೊಂಡು ಓಡಿ ಬಂದ ಮೆಕ್ಯಾನಿಕ್ ಇರಲಿ, ದೊಡ್ಡ ಗಾಡಿಯಲ್ಲಿ ಬಂದಿಳಿದ ಮ್ಯಾನೇಜರ್ ಇರಲಿ, ಕುರ್ಚಿಯ ಅಂಚಿನಲ್ಲೇ ಕೂತು, ಕೈಯಲ್ಲಿದ್ದ ಪ್ಲಾಸ್ಟಿಕ್ ಫೋಲ್ಡರನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಿರುತ್ತಿದ್ದರು. ಅಬುಧಾಬಿಯಲ್ಲಿ ನನ್ನ ಮಗಳು ದೀಕ್ಷಾ ಓದುತ್ತಿದ್ದ ಭಾರತೀಯ ಶಾಲೆಯಲ್ಲಿ ಅವರು ಅಡ್ಮಿಷನ್ ವಿಭಾಗ ನೋಡಿಕೊಳ್ಳುತ್ತಿದ್ದರು. ಮಕ್ಕಳಿಗೂ ಪಾಲಕರಿಗೂ ಅವರು ಬರೀ ಮೇಡಂ. ಹೆಸರು ಬೋರ್ಡಿನ ಮೇಲೆ ಇತ್ತು, ಆದರೆ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದನ್ನು ನಾನು ಕೇಳಿಲ್ಲ.

ಕಳೆದ ವಾರ ಅವರು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಹಳೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸಾಲಾಗಿ ಬಂದವು. ಯಾರೋ ಒಬ್ಬರು ‘ತುಂಬಾ ಸ್ಟ್ರಿಕ್ಟ್ ಇದ್ದರು’ ಎಂದು ಬರೆದರು. ಅದನ್ನು ಓದಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ಸ್ಟ್ರಿಕ್ಟ್ ಇದ್ದದ್ದು ನಿಜ. ಆದರೆ ಆ ಒಂದು ಶಬ್ದದಲ್ಲಿ ಅವರನ್ನು ಮುಗಿಸಿಬಿಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಸಣ್ಣ ಆಕೃತಿ. ತಲೆಗೆ ಯಾವಾಗಲೂ ತಿಳಿಬಣ್ಣದ ಸ್ಕಾರ್ಫ್. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು. ಹೊತ್ತು ನೋಡಬೇಕಾದರೆ ಅಂಗೈ ಮೇಲೆ ಮಾಡಬೇಕು, ಏನೋ ಕೇಳುವವರ ಹಾಗೆ. ಯಾವುದೇ ಅರ್ಜಿ ನೋಡುವಾಗ ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಳ್ಳುತ್ತಿದ್ದರು. ಮುಚ್ಚಳವನ್ನು ತಿರುಗಿ ಪೆನ್ನಿಗೆ ಹಾಕಿದರೆಂದರೆ ಮಾತು ಮುಗಿಯಿತು. ಮೇಲಿಂದ ಒಂದು ‘ಖಲಾಸ್’ ಬರುತ್ತಿತ್ತು. ಗದರುವ ಖಲಾಸ್ ಅಲ್ಲ, ಅಂಗಡಿ ಬಾಗಿಲು ಎಳೆಯುವವರ ಖಲಾಸ್.

ನಮ್ಮ ಶಾಲೆಗೆ ಒಂದು ನಿಯಮವಿತ್ತು: ಮಗು ಅಬುಧಾಬಿ ಎಮಿರೇಟಿನ ಒಳಗೇ ವಾಸವಿರಬೇಕು. ದುಬೈ, ಶಾರ್ಜಾ ಕಡೆಯವರಿಗೆ ಸೀಟಿಲ್ಲ. ಸೀಟು ಕಡಿಮೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮೇಡಂ ನನಗೆ ಎಷ್ಟೋ ಕಾಲದ ನಂತರ ಹೇಳಿದರು. ಹಿಂದೆ ದುಬೈಯಿಂದ ಖಾಸಗಿ ವ್ಯಾನುಗಳಲ್ಲಿ ಮಕ್ಕಳನ್ನು ತುಂಬಿಸಿಕೊಂಡು ಬರುತ್ತಿದ್ದರಂತೆ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಚಳಿಗಾಲದ ಮಂಜಿನಲ್ಲಿ ಆ ಹೆದ್ದಾರಿ ಹೇಗಿರುತ್ತದೆಂದು ಇಲ್ಲಿದ್ದವರಿಗೆಲ್ಲ ಗೊತ್ತು. ಒಂದು ಬೆಳಿಗ್ಗೆ ಯೂನಿಫಾರ್ಮಿನ ಮೇಲೆ ವಾಂತಿ ಮಾಡಿಕೊಂಡ ಒಂದು ಮಗುವನ್ನು ಡ್ರೈವರ್ ಎತ್ತಿಕೊಂಡು ತಂದು ಅವರ ಕೋಣೆಯ ಸೋಫಾದ ಮೇಲೆ ಮಲಗಿಸಿದ. ಆ ದಿನ ಪರೀಕ್ಷೆ. ಮಗುವಿಗೆ ಎಚ್ಚರವೇ ಆಗಲಿಲ್ಲ. “ನಾನು ಎಬ್ಬಿಸ್ಲಿಕ್ಕೆ ಹೋಗ್ಲಿಲ್ಲ. ಎಬ್ಬಿಸಿ ಎಂತ ಬರೆಸುದು?” ಎಂದಿದ್ದರು. ನಿಯಮವನ್ನು ಅವರು ಬರೀ ಕಾಗದದ ಮೇಲಿನ ಸಾಲೆಂದು ತಿಳಿದಿರಲಿಲ್ಲ.

ಆದರೂ ಜನ ಬರುತ್ತಿದ್ದರು. ನೆಂಟರ ಮನೆಯ ಬಾಡಿಗೆ ಕರಾರು, ಗೆಳೆಯನ ಕರೆಂಟ್ ಬಿಲ್ಲು ತರುತ್ತಿದ್ದರು. ಮೇಡಂ ಕಾಗದವನ್ನು ಹೆಚ್ಚು ಹೊತ್ತು ನೋಡುತ್ತಿರಲಿಲ್ಲ. ಮಗುವನ್ನು ನೋಡುತ್ತಿದ್ದರು.

ದೀಕ್ಷಾ ಹತ್ತನೇ ತರಗತಿಗೆ ಕಾಲಿಟ್ಟ ಏಪ್ರಿಲ್‌ನಲ್ಲಿ ನಾನು ಏನೋ ವಿಷಯ ಬದಲಾವಣೆಗೆಂದು ಅವರ ಕೋಣೆಗೆ ಹೋಗಿದ್ದೆ. ನನಗಿಂತ ಮೊದಲು ಒಬ್ಬ ತಂದೆ ತನ್ನ ಪುಟ್ಟ ಮಗಳೊಂದಿಗೆ ಕೂತಿದ್ದ. ಒಂದನೇ ತರಗತಿಗೆ ಅರ್ಜಿ. ಹುಡುಗಿ ಎರಡು ಜುಟ್ಟು ಕಟ್ಟಿಕೊಂಡು, ಹೊಸ ಶೂ ಹಾಕಿಕೊಂಡು ಕಾಲು ಆಡಿಸುತ್ತಿದ್ದಳು. ಕಾಗದಗಳೆಲ್ಲ ಸರಿಯಾಗಿದ್ದಂತೆ ಕಂಡಿತು. ಮೇಡಂ ಪೆನ್ನು ಹಿಡಿದುಕೊಂಡೇ ಮಗುವಿನ ಕಡೆ ಬಗ್ಗಿ, ಹಿಂದಿಯಲ್ಲಿ ಮೆತ್ತಗೆ ಕೇಳಿದರು: “ನಿಮ್ಮನೆ ಕಿಟಕಿಯಿಂದ ಎಂತೆಲ್ಲ ಕಾಣ್ತದೆ ಪುಟ್ಟಿ?”

ಮಗು ಉತ್ಸಾಹದಿಂದ ಹೇಳಿತು: “ಟ್ರೇನ್! ಅದಕ್ಕೆ ಡ್ರೈವರೇ ಇಲ್ಲ. ಅದೇ ಹೋಗ್ತದೆ!”

ಅಬುಧಾಬಿಯಲ್ಲಿ ಮೆಟ್ರೋ ಇಲ್ಲ, ಅದಿರುವುದು ದುಬೈಯಲ್ಲಿ. ತಂದೆಯ ಕತ್ತು ನಿಧಾನವಾಗಿ ಕೆಂಪಾಯಿತು. ಮೇಡಂ ಮಗುವಿಗೆ “ಚೆಂದ ಉಂಟಲ್ಲ!” ಎಂದು ಹೇಳಿ, ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ದುಬೈಯ ಕೆಲವು ಶಾಲೆಗಳ ಹೆಸರು ಹೇಳಿ, ಅವನ ಎದುರಿಗೇ ಒಂದಕ್ಕೆ ಫೋನನ್ನೂ ಮಾಡಿದರು. ಅಲ್ಲಿ ಸೀಟಿರಲಿಲ್ಲ. ಅವನು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ನಿಮಗೆ ಮಕ್ಕಳಿದ್ದಿದ್ದರೆ ಗೊತ್ತಾಗ್ತಿತ್ತು” ಎಂದ. ಮೇಡಂ ನನ್ನ ಕಡೆ ತಿರುಗಿ, “ಹಾಂ, ನಿಮ್ದು ಹೇಳಿ” ಎಂದರು. ಸ್ವರದಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಆ ಪುಟ್ಟ ಹುಡುಗಿ ಆ ವರ್ಷ ಎಲ್ಲೂ ಸೀಟು ಸಿಗದೆ ಮನೆಯಲ್ಲೇ ಉಳಿದಳೆಂದು ನಂತರ ತಿಳಿಯಿತು. ಹೇಗೆ ತಿಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಅದೇ ಬೇಸಿಗೆಯಲ್ಲಿ ನಮ್ಮ ಮನೆಯೂ ಅಲುಗಾಡಿತು. ನನ್ನ ಗಂಡ ಸುಧಾಕರ ಕೆಲಸ ಮಾಡುತ್ತಿದ್ದ ಮುಸಫ್ಫಾದ ಫ್ಯಾಬ್ರಿಕೇಷನ್ ಕಂಪನಿ ಬಾಗಿಲು ಹಾಕಿತು. ಎರಡು ತಿಂಗಳು ಅವರು ದಿನವಿಡೀ ಫೋನಿನ ಮುಂದೆ ಕೂತಿದ್ದರು. ಮೊದಲು ನನಗೆ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೆಲಸ ಸಿಕ್ಕಿತು, ಆಮೇಲೆ ಅವರಿಗೂ ದುಬೈಯಲ್ಲೇ. ಅವರ ಕಂಪನಿ ಅಲ್ಲಿನ ಅಲ್ ನಹ್ದಾದಲ್ಲಿ ಫ್ಲ್ಯಾಟ್ ಕೊಟ್ಟಿತು. ಬೇರೆ ದಾರಿ ಇರಲಿಲ್ಲ, ಹೋದೆವು. ಎರಡು ಊರಲ್ಲಿ ಎರಡು ಮನೆ ಹೂಡುವ ಸ್ಥಿತಿ ನಮ್ಮದಾಗಿರಲಿಲ್ಲ.

ಉಳಿದದ್ದು ದೀಕ್ಷಾಳ ವಿಷಯ. ಅವಳು ಬೋರ್ಡ್ ಪರೀಕ್ಷೆಗೆ ಒಂಬತ್ತರಲ್ಲೇ ಈ ಶಾಲೆಯಿಂದ ನೋಂದಾಯಿಸಿಕೊಂಡಿದ್ದಳು. ಹತ್ತರ ನಡುವಿನಲ್ಲಿ ಶಾಲೆ ಬದಲಿಸುವುದೆಂದರೆ ಸುಲಭವಲ್ಲ. ದುಬೈಯಲ್ಲಿ ನಾವು ಕೇಳಿದ ಶಾಲೆಗಳೆಲ್ಲ ತಲೆ ಅಲ್ಲಾಡಿಸಿದವು. ಒಂದು ಕಡೆಯವರು “ಮುಂದಿನ ವರ್ಷ ಮತ್ತೆ ಒಂಬತ್ತಕ್ಕೆ ಸೇರಿಸಿ” ಎಂದರು. ದೀಕ್ಷಾ ಆ ಸಂಜೆ ಊಟ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಸುತ್ತೋಲೆ ಬಂತು: ಎಲ್ಲ ಮಕ್ಕಳ ವಾಸದ ವಿಳಾಸವನ್ನು ಮತ್ತೊಮ್ಮೆ ಪರಿಶೀಲಿಸಲಾಗುವುದು, ಎಮಿರೇಟಿನ ಹೊರಗೆ ವಾಸವಿರುವವರ ಹೆಸರು ಮುಂದುವರಿಯುವುದಿಲ್ಲ.

ಸುಧಾಕರ ಅವರ ಗೆಳೆಯರೊಬ್ಬರು ಅಬುಧಾಬಿಯ ಮುಸಫ್ಫಾದಲ್ಲಿ ಫ್ಲ್ಯಾಟ್ ಹಿಡಿದಿದ್ದರು. ಅಲ್ಲಿ ಇದ್ದವರು ಮೂವರು ಗಂಡಸರು. ಮಗಳನ್ನು ಇರಿಸುವ ಪ್ರಶ್ನೆಯೇ ಇಲ್ಲ, ಆದರೆ ಕಾಗದಕ್ಕೆ ಆ ವಿಳಾಸ ಸಾಕು ಎಂದು ಸುಧಾಕರ ಲೆಕ್ಕ ಹಾಕಿದರು. ಅವಳನ್ನು ದಿನವೂ ಕರೆತರಲು ಒಂದು ವ್ಯಾನಿನವನನ್ನೂ ಗೊತ್ತು ಮಾಡಿದರು. ನಾನು ಕಿಟಕಿಯ ಕಥೆ ಹೇಳಿದೆ.

“ಹೌದಾ? ಹಾಗಾದ್ರೆ ಅದನ್ನೂ ಕಲಿಸುವ” ಎಂದರು ಅವರು. ಕಾರಿನಲ್ಲಿ ದಾರಿಯುದ್ದಕ್ಕೂ ಪಾಠ ನಡೆಯಿತು. “ನೋಡು, ಕಿಟಕಿಯಿಂದ ಟಯರ್ ಅಂಗಡಿ ಕಾಣ್ತದೆ. ಪಕ್ಕದಲ್ಲಿ ಮಲಬಾರಿ ಹೋಟೆಲ್. ಕೆಳಗೆ ಪಾರ್ಕಿಂಗ್. ಹೇಳು?” ದೀಕ್ಷಾ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಗೆ ನೋಡುತ್ತಿದ್ದಳು. “ಐ ಹರ್ಡ್ ಯೂ, ಪಪ್ಪಾ” ಎಂದಳಷ್ಟೆ.

ಮೇಡಂ ಕಾಗದ ನೋಡಿದರು. ಪೆನ್ನಿನ ಮುಚ್ಚಳ ಮೇಜಿನ ಮೇಲಿತ್ತು. ನನ್ನ ಕಣ್ಣೆಲ್ಲ ಅದರ ಮೇಲೇ. ಆಮೇಲೆ ಅವರು ದೀಕ್ಷಾಳ ಕಡೆ ತಿರುಗಿದರು.

“ಈಗ ಎಲ್ಲಿ ಇರುದು ನೀನು?”

ಸುಧಾಕರ ಕೆಮ್ಮಿದರು. ದೀಕ್ಷಾ, “ಮ್ಯಾಮ್, ಡೂ ಯು ವಾಂಟ್ ದಿ ಆನ್ಸರ್ ದೇ ಟಾಟ್ ಮಿ, ಆರ್ ದಿ ರಿಯಲ್ ಒನ್?” ಎಂದಳು.

ಸುಧಾಕರ ಅವಳ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಮೇಡಂ ಮುಚ್ಚಳ ಹಾಕಿದರು. “ನೀನು ಹೊರಗೆ ಕೂತ್ಕೋ ಮಗಾ” ಎಂದರು. ಬಾಗಿಲು ಮುಚ್ಚಿದ ಮೇಲೆ ನಮ್ಮ ಕಾಗದಗಳನ್ನು ಒಟ್ಟು ಮಾಡಿ, ಅಂಚು ಸರಿಮಾಡಿ, ನಮ್ಮ ಕಡೆಗೆ ತಳ್ಳಿದರು.

“ಇದನ್ನು ನಾನು ತಗೊಂಡಿಲ್ಲ. ನೀವು ಕೊಡ್ಲೂ ಇಲ್ಲ. ನಿಮ್ಮ ಮಗಳು ಎಲ್ಲಿ ಇರ್ತಾಳೆ ಅಂತ ಈ ವಾರದ ಒಳಗೆ ನಂಗೆ ಸರಿಯಾಗಿ ಹೇಳಿ. ಇಲ್ಲಾಂದ್ರೆ ಹೆಸರು ತೆಗೀಬೇಕಾಗ್ತದೆ.”

“ಮೇಡಂ, ಹತ್ತನೇ ಕ್ಲಾಸು. ಈಗ ತೆಗೆದ್ರೆ ಅವಳ ಒಂದು ವರ್ಷ...” ಸುಧಾಕರರ ಸ್ವರ ಏರಿತು. “ನಾವೆಂತ ಕಳ್ಳತನ ಮಾಡಿದ್ದೇವಾ? ಕೆಲಸ ಹೋಯ್ತು ಅಂತ ಊರು ಬಿಟ್ಟದ್ದು!”

“ಗೊತ್ತುಂಟು.”

“ಗೊತ್ತಿದ್ದೂ...”

“ಗೊತ್ತಿದ್ದೇ ಹೇಳುದು. ಆ ವ್ಯಾನಲ್ಲಿ ನಾನು ಯಾವ ಮಗುವನ್ನೂ ಕೂರಿಸ್ಲಿಕ್ಕೆ ಸಹಿ ಹಾಕುದಿಲ್ಲ.”

ವ್ಯಾನಿನ ವಿಷಯ ನಾವು ಹೇಳಿರಲಿಲ್ಲ. ಅವರು ಊಹಿಸಿದ್ದರು.

ಹಿಂದೆ ಬರುವಾಗ ಎಮಿರೇಟಿನ ಗಡಿಯ ಘಂತೂತ್ ದಾಟಿದ ಮೇಲೆ ಸುಧಾಕರ ಒಮ್ಮೆ ಸ್ಟಿಯರಿಂಗಿಗೆ ಗುದ್ದಿ, “ನಿಂಗೆ ಅಷ್ಟೂ ಸತ್ಯವಂತಳಾಗ್ಬೇಕಿತ್ತಾ?” ಎಂದು ಮಗಳ ಮೇಲೆ ಹರಿಹಾಯ್ದರು. ಅವಳು ಅತ್ತಳು.

ಎರಡು ದಿನ ಕಳೆದು ಸಂಜೆ ನನ್ನ ಫೋನ್ ರಿಂಗಾಯಿತು. ಮೇಡಂ. “ನಾಳೆ ಸಂಜೆ ನನ್ನ ಮನೆಗೆ ಬರ್ಲಿಕ್ಕಾಗ್ತದಾ? ಮೂರೂ ಜನ ಬನ್ನಿ.” ಇಷ್ಟೇ.

ಅವರ ಮನೆ ಅಬುಧಾಬಿಯಲ್ಲೇ, ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರಲ್ಲಿ. ಪಾರ್ಕಿಂಗ್ ಸಿಗದೆ ಸುತ್ತು ಹಾಕಿ ಹಾಕಿ, ಕೊನೆಗೆ ಬೆವರುತ್ತ ಮೇಲೆ ಹತ್ತಿದೆವು. ಬಾಗಿಲು ತೆಗೆದ ಮೇಡಂ ಶಾಲೆಯಲ್ಲಿರುವ ಹಾಗೆಯೇ ಇದ್ದರು, ಗಡಿಯಾರವೂ ಒಳಬದಿಗೇ. ಚಹಾ ಕೊಟ್ಟರು. ಕುಡಿಯುವವರೆಗೂ ಏನೂ ಹೇಳಲಿಲ್ಲ. ಆಮೇಲೆ ಎದ್ದು ಒಂದು ಕೋಣೆಯ ಬಾಗಿಲು ತೆರೆದು ತೋರಿಸಿದರು. ಒಂದು ಮಂಚ, ಒಂದು ಕಪಾಟು, ಒಂದು ಮೇಜು. ಮೇಜಿನ ಮೇಲೆ ಹೊಸ ದೀಪ, ಇನ್ನೂ ಅದರ ಪ್ಲಾಸ್ಟಿಕ್ ತೆಗೆದಿರಲಿಲ್ಲ.

“ಇದು ನನ್ನ ಉಮ್ಮ ಇದ್ದ ಕೋಣೆ. ಅವರು ಹೋಗಿ ವರ್ಷ ಆಯ್ತು. ಪರೀಕ್ಷೆ ಮುಗಿಯುವವರೆಗೆ ಹುಡುಗಿ ಇಲ್ಲಿ ಇರ್ಲಿ. ಶುಕ್ರವಾರ ಮಧ್ಯಾಹ್ನ ಕರ್ಕೊಂಡು ಹೋಗಿ, ಭಾನುವಾರ ಸಂಜೆ ಬಿಡಿ. ಆಗ ವಿಳಾಸ ಬರೆಯುವಾಗ ಸುಳ್ಳು ಬರೀಬೇಕೂಂತ ಇಲ್ಲ.”

ಸುಧಾಕರ ಖಾಲಿ ಕಪ್ಪನ್ನು ಕೆಳಗಿಟ್ಟರು.

“ಪ್ರಿನ್ಸಿಪಾಲರಿಗೆ ಇವತ್ತೇ ಹೇಳಿದ್ದೇನೆ. ಕದ್ದು ಮುಚ್ಚಿ ಎಂತದೂ ಇಲ್ಲ. ಮತ್ತೆ ಇನ್ನೊಂದು.” ಅವರು ಸುಧಾಕರರನ್ನು ನೇರ ನೋಡಿದರು. “ನಾನು ಬ್ಯಾರಿ, ಮುಸ್ಲಿಂ. ನೀವು ಬೇರೆ. ಊರಲ್ಲಿ ಈಗ ಹೇಗುಂಟು ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ತೊಂದರೆ ಇದ್ರೆ ಈಗ ಹೇಳಿ. ನಂಗೆ ಬೇಜಾರಿಲ್ಲ. ಆಮೇಲೆ ಹೇಳ್ಬೇಡಿ, ಆಗ ಬೇಜಾರಾಗ್ತದೆ.”

ಸುಧಾಕರ ನೆಲ ನೋಡುತ್ತ ಕೂತರು. ಉಡುಪಿಯಲ್ಲಿರುವ ಅವರ ಅಮ್ಮ ಏನನ್ನುತ್ತಾರೆಂದು ಅವರು ಯೋಚಿಸುತ್ತಿದ್ದಾರೆಂಬುದು ನನಗೆ ಗೊತ್ತು, ಏಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ದೀಕ್ಷಾ ಕೋಣೆಯೊಳಗೆ ಹೋಗಿ ದೀಪದ ಪ್ಲಾಸ್ಟಿಕ್ ಬಿಚ್ಚತೊಡಗಿದಳು. ಆ ಸರಬರ ಸದ್ದು ಕೇಳಿ ಸುಧಾಕರ ತಲೆ ಎತ್ತಿದರು. “ನಮ್ಗೆಂತ ತೊಂದರೆ ಇಲ್ಲ ಮೇಡಂ” ಎಂದರು. ಅಮ್ಮನಿಗೆ ಅವರೇ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ಎಷ್ಟೋ ಹೊತ್ತು ಮಾತು ಬಂತು. ಇವರು ಬರೀ “ಹುಂ, ಹುಂ” ಎನ್ನುತ್ತಿದ್ದರು. ಕೊನೆಗೆ “ಆಯ್ತು ಅಮ್ಮ, ಹಾಗಾದ್ರೆ ನೀವೇ ಒಂದು ಸೀಟು ಕೊಡಿಸಿ” ಎಂದು ಇಟ್ಟುಬಿಟ್ಟರು.

ಮೇಡಂ ಜೊತೆ ಇರುವುದು ಸುಲಭವಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ದೇವತೆ ಮಾಡಿದರೆ ಅವರೇ ಒಪ್ಪುತ್ತಿರಲಿಲ್ಲ. ಮೊದಲ ವಾರವೇ ಮಗಳು ಫೋನಿನಲ್ಲಿ ಪಿಸುಗುಟ್ಟಿದಳು: “ಅಮ್ಮಾ, ಶೀ ಚೆಕ್ಸ್ ಇಫ್ ದಿ ಬಕೆಟ್ ಈಸ್ ಅಪ್‌ಸೈಡ್ ಡೌನ್!” ಓದುವಾಗ ಫೋನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿರಬೇಕು. ತಟ್ಟೆಯಲ್ಲಿ ಅನ್ನ ಬಿಡಬಾರದು. ಒದ್ದೆ ಟವೆಲ್ ಕುರ್ಚಿಯ ಮೇಲೆ ಕಂಡರೆ ಮೇಡಂ ಏನೂ ಹೇಳದೆ ಅದರ ಮುಂದೆ ನಿಂತಿರುತ್ತಿದ್ದರಂತೆ, ಅದನ್ನು ತೆಗೆಯುವ ತನಕ. ಎಲ್ಲಕ್ಕಿಂತ ವಿಚಿತ್ರವೆಂದರೆ ಬಸ್ಸಿನ ವಿಷಯ. ಇಬ್ಬರೂ ಹೋಗುವುದು ಅದೇ ಶಾಲೆಗೆ. ಮೇಡಂಗೆ ಕಾರಿತ್ತು. ಆದರೆ ಒಂದು ದಿನವೂ ಅವಳನ್ನು ಕಾರಿನಲ್ಲಿ ಕರೆದೊಯ್ಯಲಿಲ್ಲ. ಬೆಳಿಗ್ಗೆ ಕೆಳಗಿಳಿದು ಬಸ್‌ಸ್ಟಾಪಿನವರೆಗೆ ಅವಳ ಜೊತೆ ನಡೆದು, ಬಸ್ ಹತ್ತಿಸಿ, ಹಿಂದೆ ಬಂದು ಕಾರು ತೆಗೆಯುತ್ತಿದ್ದರು.

“ಯಾಕೆ ಮೇಡಂ?” ಎಂದು ನಾನು ಕೇಳಿದ್ದಕ್ಕೆ, “ಗೇಟಿನ ಒಳಗೆ ಅವಳು ಎಲ್ಲರ ಹಾಗೆ. ನನ್ನ ಕಾರಿಂದ ಇಳಿದ್ರೆ ಎಲ್ಲರ ಹಾಗೆ ಆಗುದಿಲ್ಲ” ಎಂದರು.

ನಾವು ಕೊಟ್ಟದ್ದನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಮೀನು ಮಾತ್ರ ಬೇಡವೆನ್ನುತ್ತಿರಲಿಲ್ಲ. ಭಾನುವಾರ ಸಂಜೆ ಮಗಳನ್ನು ಬಿಡಲು ಹೋಗುವಾಗ ಬಂಗುಡೆಯೋ ಕಾಣೆಯೋ ಒಯ್ಯುತ್ತಿದ್ದೆ. ಅವರು ಚೀಲ ತೆರೆದು, ಕಿವಿರು ಎತ್ತಿ ನೋಡಿ, “ಇದು ಇವತ್ತಿಂದಲ್ಲ” ಎಂದು ಮುಖಕ್ಕೇ ಹೇಳಿದ್ದೂ ಉಂಟು. ನಿಧಾನವಾಗಿ ಮಗಳ ಬಾಯಲ್ಲಿ ದೂರುಗಳು ಕಡಿಮೆಯಾದವು. ಒಂದು ದಿನ ಅಲ್ ನಹ್ದಾದ ನಮ್ಮ ಬಾತ್‌ರೂಮಿನಲ್ಲಿ ಬಕೆಟ್ ಕವುಚಿ ಹಾಕಿದ್ದು ಕಂಡು ಸುಧಾಕರ ಗಟ್ಟಿಯಾಗಿ ನಕ್ಕರು. ಕೆಲಸ ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಜನವರಿಯಲ್ಲಿ ಶಾಲೆಯ ಆಡಳಿತ ಮಂಡಳಿಗೆ ಒಂದು ದೂರು ಹೋಯಿತು. ಕೊಟ್ಟವನು ಆ ಮೆಟ್ರೋ ಕಂಡ ಮಗುವಿನ ತಂದೆ. ಮಗಳಿಗೆ ಆ ವರ್ಷವಿಡೀ ಎಲ್ಲೂ ಸೀಟು ಸಿಗಲಿಲ್ಲ, ಮನೆಯಲ್ಲೇ ಇದ್ದಾಳೆ, ದುಬೈಯವರೆಂದು ತಮ್ಮನ್ನು ಹೊರಗೆ ಕಳುಹಿಸಿದ ಅಧಿಕಾರಿ ದುಬೈಯಲ್ಲಿರುವ ಬೇರೆಯವರ ಮಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಸೀಟು ಉಳಿಸಿಕೊಟ್ಟಿದ್ದಾರೆ, ಇದು ಯಾವ ನ್ಯಾಯ ಎಂದು ಅವನು ಕೇಳಿದ್ದ. ಯಾರು ಅವನಿಗೆ ಹೇಳಿದರೋ ತಿಳಿಯದು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನಾನು ಬಹಳ ಪ್ರಯತ್ನಿಸಿದೆ. ಆಗಲಿಲ್ಲ. ಆ ಎರಡು ಜುಟ್ಟಿನ ಮಗು ಕಣ್ಣಿಗೆ ಬರುತ್ತಿತ್ತು.

ನಮಗೂ ಕರೆ ಬಂತು. ಒಂದು ಮಧ್ಯಾಹ್ನ, ತರಗತಿಗಳು ಮುಗಿದ ಮೇಲೆ, ಕಾನ್ಫರೆನ್ಸ್ ಕೋಣೆಯಲ್ಲಿ ಸಭೆ. ಪ್ರಿನ್ಸಿಪಾಲರು, ಮಂಡಳಿಯ ಇಬ್ಬರು, ಮೇಡಂ, ನಾವಿಬ್ಬರು. ಮೇಡಂ ಆ ದಿನ ಮೇಜಿನ ಈ ಬದಿಗೆ, ನಮ್ಮ ಪಕ್ಕದಲ್ಲಿ ಕೂತಿದ್ದರು. ಬೋರ್ಡ್ ಪರೀಕ್ಷೆಗೆ ಇನ್ನು ಕೆಲವೇ ವಾರ. ಹಾಲ್ ಟಿಕೆಟ್ ಇನ್ನೂ ಕೊಟ್ಟಿರಲಿಲ್ಲ. ಮೇಜಿನ ಅಡಿಯಲ್ಲಿ ನಾನು ಸುಧಾಕರರ ಕೈ ಹಿಡಿದುಕೊಂಡೆ.

ಮಂಡಳಿಯ ಹಿರಿಯರು ಸಭ್ಯರೇ. ಇಂಗ್ಲಿಷಿನಲ್ಲಿ ಮೆತ್ತಗೆ ನನ್ನನ್ನು ಕೇಳಿದರು: “ನೀವು ಇವರ ಸಂಬಂಧಿಕರಾ?”

“ಅಲ್ಲ.”

“ಮೊದಲಿನ ಪರಿಚಯ?”

“ಇಲ್ಲ. ಅಡ್ಮಿಷನ್ ಕೋಣೆಯಲ್ಲಿ ನೋಡಿದ್ದಷ್ಟೇ.”

“ಹಾಗಾದರೆ ನಿಮ್ಮ ಮಗಳಿಗೇ ಯಾಕೆ ಮಾಡಿದರು?”

ಮೇಡಂ ಬಾಯಿ ಹಾಕಿದರು. “ಅದನ್ನು ನನ್ನನ್ನೇ ಕೇಳಿ. ಅವಳು ನಡು ವರ್ಷದಲ್ಲಿ ಸಿಕ್ಕಿಹಾಕಿಕೊಂಡಿದ್ದಳು, ನನ್ನ ಹತ್ತಿರ ಒಂದು ಕೋಣೆ ಇತ್ತು. ಎರಡು ಕೋಣೆ ಇದ್ದಿದ್ದರೆ ಇನ್ನೊಂದು ಮಗುವನ್ನೂ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಮಗು ಎಮಿರೇಟಿನಲ್ಲಿ ವಾಸವಿರಬೇಕು ಎನ್ನುವುದು ನಮ್ಮ ನಿಯಮ. ಅವಳು ವಾಸವಿದ್ದಾಳೆ. ಪ್ರಿನ್ಸಿಪಾಲರಿಗೆ ಮೊದಲೇ ತಿಳಿಸಿದ್ದೆ.”

ಪ್ರಿನ್ಸಿಪಾಲರು ಹೌದೆಂದು ತಲೆಯಾಡಿಸಿದರು.

ಹಿರಿಯರು ಕನ್ನಡಕ ತೆಗೆದಿಟ್ಟರು. “ಮೇಡಂ, ನಿಯಮ ಮುರಿದಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರ ವಿಳಾಸ ನಿಜ, ಯಾರದು ಸುಳ್ಳು ಎಂದು ತೀರ್ಮಾನಿಸುವವರು ನೀವು. ಈಗ ಒಂದು ವಿಳಾಸ ನಿಮ್ಮದೇ. ನಾಳೆ ಯಾರು ನಿಮ್ಮ ತೀರ್ಮಾನ ಒಪ್ಪುತ್ತಾರೆ? ಹುಡುಗಿ ಆ ಮನೆ ಬಿಡಬೇಕು, ಇಲ್ಲ ನೀವು ಆ ಕುರ್ಚಿ ಬಿಡಬೇಕು.”

ಹುಡುಗಿ ಮನೆ ಬಿಟ್ಟರೆ ವಿಳಾಸ ಹೋಯಿತು. ವಿಳಾಸ ಹೋದರೆ ಹೆಸರು ಹೋಯಿತು. ಮೇಡಂ ಕೆಲಸವೇ ಬಿಟ್ಟರೂ ಅಷ್ಟೇ, ಅವರ ವೀಸಾ ಶಾಲೆಯದು, ಫ್ಲ್ಯಾಟೂ ಆ ಕೆಲಸದ ಆಧಾರದ ಮೇಲಿನದು. ಯಾವ ಕಡೆ ತಿರುಗಿದರೂ ಗೋಡೆ.

ಮೇಡಂ ಅಂಗೈ ತಿರುಗಿಸಿ ಗಡಿಯಾರ ನೋಡಿದರು. ಹೊತ್ತು ಬೇಕಾಗಿತ್ತೆಂದು ನನಗೆ ಅನ್ನಿಸಲಿಲ್ಲ. ಆಮೇಲೆ ಹೇಳಿದರು: “ನೀವು ಹೇಳಿದ್ದು ಸರಿ. ಆ ತಂದೆ ಕೇಳಿದ್ದೂ ಸರಿಯಾದ ಪ್ರಶ್ನೆ. ತೀರ್ಮಾನ, ವಿಳಾಸ ಎರಡೂ ನನ್ನದೇ ಆಗಬಾರದು. ನಾಳೆಯಿಂದ ಅಡ್ಮಿಷನ್ ಬೇರೆಯವರಿಗೆ ಕೊಡಿ. ನಾನು ನೋಟಿಸ್ ಅವಧಿಯಲ್ಲಿ ಇರ್ತೇನೆ, ಪರೀಕ್ಷಾ ವಿಭಾಗ ಬಿಟ್ಟು ಬೇರೆ ಯಾವ ಕೆಲಸವಾದರೂ ಮಾಡ್ತೇನೆ. ಮಾರ್ಚ್ ಕೊನೆಗೆ ಬಿಡ್ತೇನೆ. ಅಷ್ಟರವರೆಗೆ ವೀಸಾ ಇರಲಿ. ಹುಡುಗಿ ಪರೀಕ್ಷೆ ಬರೆದು ಹೋಗಲಿ.”

“ಬಿಡಬೇಕೆಂದು ನಾವು ಹೇಳಲಿಲ್ಲ...” ಎಂದರು ಪ್ರಿನ್ಸಿಪಾಲರು, ಮೊದಲ ಸಲ ಬಾಯಿ ತೆರೆದು.

“ಗೊತ್ತುಂಟು ಸರ್. ಆದರೆ ಆ ಕುರ್ಚಿ ಬಿಟ್ಟ ಮೇಲೆ ನಾನು ಅಲ್ಲಿ ಸುಮ್ಮನೆ ಓಡಾಡಿಕೊಂಡಿರುವುದು ಹೊಸಬರಿಗೂ ಒಳ್ಳೆಯದಲ್ಲ.”

ಮಂಡಳಿಯವರು ಪರಸ್ಪರ ಮುಖ ನೋಡಿಕೊಂಡು ಒಪ್ಪಿದರು. ಮೇಡಂ ಒಂದು ಮಾತು ಸೇರಿಸಿದರು: ಆ ಪುಟ್ಟ ಹುಡುಗಿಗೆ ದುಬೈಯ ಶಾಲೆಯೊಂದರಲ್ಲಿ ಏಪ್ರಿಲ್‌ಗೆ ಸೀಟು ಕೊಡಿಸಲು ಮಂಡಳಿ ಪತ್ರ ಬರೆಯಬೇಕು. ಹಿರಿಯರು ಆಗಲಿ ಎಂದರು. ಬರೆದರು ಕೂಡ. ಮಗು ಶಾಲೆ ಸೇರಿತು.

ಕಾರಿಡಾರಿನಲ್ಲಿ ನಾನು ಅವರನ್ನು ತಡೆದೆ. “ಮೇಡಂ, ಬೇಡ. ಮಗಳನ್ನು ಇವತ್ತೇ ಕರ್ಕೊಂಡು ಹೋಗ್ತೇವೆ. ಒಂದು ವರ್ಷ ಹೋದ್ರೆ ಹೋಗ್ಲಿ. ನಿಮ್ಮ ಕೆಲಸ...”

“ಎಂತ ಮಾತಾಡ್ತೀರಿ ನೀವು?” ಅವರು ಗದರಿದರು. “ನಾನು ಹೇಗಿದ್ರೂ ಬಿಡುವವಳೇ. ಊರಲ್ಲಿ ತಮ್ಮ ಮನೆ ಕಟ್ಟಿದ್ದಾನೆ, ಬಾ ಬಾ ಅಂತ ಕರೀತಾ ಇದ್ದಾನೆ. ನಂಗೆ ಖುಷಿಯೇ. ನಿಮಗಾಗಿ ಬಿಟ್ಟೆ ಅಂತ ನೀವು ಎಲ್ಲೂ ಹೇಳಿಕೊಂಡು ತಿರುಗ್ಬೇಡಿ.”

ಮೇಡಂ ಸ್ಕಾರ್ಫ್ ಸರಿಮಾಡಿಕೊಂಡು, “ಭಾನುವಾರ ಬಂಗುಡೆ ಬೇಡ. ಅಂಜಲ್ ಸಿಕ್ಕಿದ್ರೆ ತನ್ನಿ” ಎಂದು ಹೇಳಿ ಹೊರಟುಹೋದರು. ಅವರು ಖುಷಿಯಿಂದಲೇ ಬಿಟ್ಟರೆಂದು ನಾನು ನಂಬಿದೆ. ನಂಬುವುದು ನನಗೆ ಬೇಕಾಗಿಯೂ ಇತ್ತು.

ದೀಕ್ಷಾ ಪರೀಕ್ಷೆ ಬರೆದಳು, ಚೆನ್ನಾಗಿಯೇ ಪಾಸಾದಳು. ಫಲಿತಾಂಶ ಬರುವಷ್ಟರಲ್ಲಿ ಮೇಡಂ ಊರಿಗೆ ಹೋಗಿಯಾಗಿತ್ತು. ವಿಮಾನ ನಿಲ್ದಾಣಕ್ಕೆ ಯಾರೂ ಬರಕೂಡದೆಂದು ಹೇಳಿದ್ದರು. ಆದರೂ ನಾವು ಹೋದೆವು. ದೂರದಿಂದ ನಮ್ಮನ್ನು ಕಂಡು ಅವರ ಮುಖದಲ್ಲಿ ಕಿರಿಕಿರಿ ಕಾಣಿಸಿತು. ಹತ್ತಿರ ಬಂದು ದೀಕ್ಷಾಳ ಬ್ಯಾಗಿನ ತೆರೆದ ಜಿಪ್ ಎಳೆದು ಮುಚ್ಚಿ, “ಯಲ್ಲಾ, ಹೋಗಿ. ಟ್ರಾಫಿಕ್ ಶುರುವಾಗ್ತದೆ” ಎಂದರು. ಆಮೇಲೆ ತಿರುಗಿ ನೋಡಲಿಲ್ಲ. ಊರಿನಿಂದ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಾತು ಮಗಳ ಜೊತೆಗೇ, ನನ್ನ ಕೈಗೆ ಬರುವಷ್ಟರಲ್ಲಿ ಖಲಾಸ್.

ಸುದ್ದಿ ಬಂದ ದಿನ ದೀಕ್ಷಾ ಕಾಲೇಜಿನಿಂದ ಬಂದು, ಬ್ಯಾಗು ಇಟ್ಟು, ಅಡುಗೆಮನೆಯಲ್ಲಿ ನನ್ನ ಹತ್ತಿರ ನಿಂತಳು. ನಾನು, ಏನಾದರೂ ಹೇಳಬೇಕೆಂದು, “ಹೇಗೂ ಕೊನೆಗಾಲದಲ್ಲಿ ತಮ್ಮನ ಮನೆಯಲ್ಲಿ ಇದ್ರಲ್ಲ. ಅವರಿಗೂ ಅದೇ ಬೇಕಿತ್ತು” ಎಂದೆ.

“ಇಲ್ಲ ಅಮ್ಮಾ, ಬೇಕಿರ್ಲಿಲ್ಲ” ಎಂದಳು ಅವಳು.

ನಾನು ತಿರುಗಿ ನೋಡಿದೆ.

“ಮೀಟಿಂಗ್ ಆದ ದಿನ ಮ್ಯಾಮ್ ಮನೆಗೆ ಬಂದು ಅಡುಗೆಮನೆ ಬಾಗಿಲು ಹಾಕ್ಕೊಂಡ್ರು. ನಾನು ಹೊರಗೆ ನಿಂತಿದ್ದೆ. ಅಳ್ತಾ ಇದ್ರು. ತುಂಬಾ ಹೊತ್ತು. ತಮ್ಮನಿಗೆ ಫೋನ್ ಮಾಡಿ ಬ್ಯಾರಿ ಭಾಷೆಯಲ್ಲಿ ಏನೋ ಕೇಳ್ತಾ ಇದ್ರು, ಇರ್ಲಿಕ್ಕೆ ಜಾಗ ಉಂಟಾ ಅಂತ. ಅಷ್ಟು ನಂಗೆ ಅರ್ಥ ಆಯ್ತು. ಆಮೇಲೆ ಮುಖ ತೊಳ್ಕೊಂಡು ಬಂದ್ರು. ನನ್ನನ್ನು ನೋಡಿ, ಕೇಳಿಸ್ತಾ ಅಂದ್ರು. ಹೌದು ಅಂದೆ. ಅಮ್ಮನಿಗೆ ಹೇಳ್ಬೇಡ, ಹೇಳಿದ್ರೆ ನಿನ್ನನ್ನು ಈಗಲೇ ಕರ್ಕೊಂಡು ಹೋಗ್ತಾರೆ, ನೀನು ಪರೀಕ್ಷೆ ಬರೀಬೇಕು ಅಂದ್ರು. ಪ್ರಾಮಿಸ್ ಮಾಡಿಸ್ಕೊಂಡ್ರು. ಮತ್ತೆ ಹಿಸ್ಟರಿ ಪುಸ್ತಕ ತಾ ಅಂದ್ರು.”

ಒಲೆಯ ಮೇಲಿನ ಸಾರು ಉಕ್ಕುತ್ತಿತ್ತು. ನಾನು ಅದನ್ನು ಆರಿಸಿದೆ.

“ಪರೀಕ್ಷೆ ಮುಗಿದ ಮೇಲಾದ್ರೂ ನಂಗೆ ಹೇಳ್ಬಹುದಿತ್ತಲ್ಲ ನೀನು?”

“ಹೇಗೆ ಹೇಳುದು?” ಎಂದಳು ಮಗಳು. “ಪ್ರಾಮಿಸ್ ಮಾಡಿದ್ದೆ. ಇಷ್ಟು ದಿನ ಅವರು ಇದ್ರಲ್ಲ ಅಮ್ಮಾ.”